ನುಡಿಯಿಂದ ಯೂನಿಕೋಡ್‌ಗೆ: ನೋಡ್ ಸರ್ವರ್‌ನಲ್ಲಿ ಭಾರದ ಕೆಲಸ ಮತ್ತು ವರ್ಕರ್ ಥ್ರೆಡ್‌ಗಳು

ಈ ಉಪನ್ಯಾಸವನ್ನು ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ವಿಜ್ಞಾನದ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಕನ್ನಡದಲ್ಲಿಯೇ ನೀಡಿದ್ದೆ. ಅಂದು ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಗೆಳೆಯರೇ, ನಮಸ್ಕಾರ. ಕೆಲವು ವರ್ಷಗಳ ಹಿಂದೆ ನಾನು ಇಬ್ಬರು ಸಹೋದ್ಯೋಗಿಗಳೊಡನೆ ನೋಡ್‌ನಲ್ಲಿ, ಅಂದರೆ ಜಾವಾಸ್ಕ್ರಿಪ್ಟ್ ಭಾಷೆಯ ಕೋಡನ್ನು ಬ್ರೌಸರಿನ ಹೊರಗೆ ನಡೆಸುವ ವ್ಯವಸ್ಥೆಯಲ್ಲಿ, ಒಂದು ಪುಟ್ಟ ಸರ್ವರ್ ನಡೆಸುತ್ತಿದ್ದೆ. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತವನ್ನು ಯಾರಾದರೂ ಅಪ್‌ಲೋಡ್ ಮಾಡಿದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಕಾಗುಣಿತ ತಪ್ಪಿರಬಹುದಾದ ಪದಗಳನ್ನು ಗುರುತಿಸಿ, ಅವುಗಳ ಪಕ್ಕದಲ್ಲಿ ಸರಿಯಾದ ಪದ ಯಾವುದಿರಬಹುದೆಂದು ಸೂಚಿಸಿ ಹಿಂದಿರುಗಿಸುವುದು ಅದರ ಕೆಲಸವಾಗಿತ್ತು. ಇಂಥ ಕಡತಗಳು ನಮ್ಮ ನಾಡಿನಲ್ಲಿ ಇಂದಿಗೂ ರಾಶಿರಾಶಿಯಾಗಿ ಬಿದ್ದಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಕೊಂಡ ಸಾಲುಗಳು ಕಾಣುತ್ತವೆಯೇ ಹೊರತು ಕನ್ನಡ ಕಾಣುವುದಿಲ್ಲ. ಒಬ್ಬರು ಜೀವಮಾನವಿಡೀ ಬರೆದದ್ದು ಹಾಗೆ ಓದಲಾರದ ಸ್ಥಿತಿಯಲ್ಲಿ ಉಳಿಯಬಾರದೆಂಬ ಕಾಳಜಿಯಿಂದಲೇ ನಾವು ಆ ಕೆಲಸಕ್ಕೆ ಕೈಹಾಕಿದ್ದೆವು.

ಆ ಪರಿವರ್ತನೆ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು ‘ಕ’, ಆಮೇಲೆ ‘ನಾ’, ಅದರ ಬಲಕ್ಕೆ ಅರ್ಕಾವೊತ್ತು, ಆಮೇಲೆ ‘ಟ’ ಮತ್ತು ‘ಕ’. ಹಳೆಯ ಫಾಂಟಿನ ಕಡತದಲ್ಲಿ ಸಂಕೇತಗಳು ಇದೇ ಕ್ರಮದಲ್ಲಿ ಕುಳಿತಿರುತ್ತವೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ: ಕ, ರ, ಹಲಂತ, ನ, ದೀರ್ಘದ ಚಿಹ್ನೆ, ಟ, ಕ, ಒಟ್ಟು 7 ಸಂಕೇತಗಳು. ಆದ್ದರಿಂದ ಪ್ರೋಗ್ರಾಮಿಗೆ ಅರ್ಕಾವೊತ್ತಿನ ಚಿಹ್ನೆ ಎದುರಾದಾಗ ಅದು ಬಂದ ದಾರಿಯಲ್ಲೇ ಹಿಂದೆ ಹೋಗಿ, ‘ನಾ’ ಎಂಬ ಇಡೀ ಅಕ್ಷರ ಎಲ್ಲಿ ಆರಂಭವಾಯಿತೆಂದು ಗುರುತಿಸಿ, ಅದರ ಮುಂದೆ ‘ರ್’ ಅನ್ನು ಸೇರಿಸಬೇಕು. ಒತ್ತಕ್ಷರಗಳಿಗೂ ಕೆಲವು ಸ್ವರಚಿಹ್ನೆಗಳಿಗೂ ಇಂಥದೇ ಹಿಂದುಮುಂದಿನ ಲೆಕ್ಕವಿದೆ. ಕಾಗುಣಿತದ ಸಲಹೆ ಇದಕ್ಕಿಂತ ಭಾರ. ಹತ್ತು ಸಂಕೇತಗಳ ಒಂದು ಪದ ನಿಘಂಟಿನಲ್ಲಿ ಸಿಗಲಿಲ್ಲವೆಂದರೆ, ಒಂದೊಂದು ಸಂಕೇತವನ್ನು ತೆಗೆದು, ಸೇರಿಸಿ, ಬದಲಿಸಿ ನೋಡಬೇಕು. ಸುಮಾರು 60 ಚಿಹ್ನೆಗಳನ್ನು ಪ್ರಯತ್ನಿಸಿದರೆ ಒಂದೇ ಬದಲಾವಣೆಗೆ ಸಾವಿರದ ಇನ್ನೂರಕ್ಕೂ ಹೆಚ್ಚು ರೂಪಗಳಾಗುತ್ತವೆ, ಎರಡು ಬದಲಾವಣೆಗೆ ಅವಕಾಶ ಕೊಟ್ಟರೆ ಲೆಕ್ಕ ಹದಿನೈದು ಲಕ್ಷವನ್ನು ದಾಟುತ್ತದೆ. ಇದೆಲ್ಲ ಒಂದೇ ಒಂದು ಪದಕ್ಕೆ. ಇಲ್ಲಿ ಡಿಸ್ಕಿಗಾಗಿ ಕಾಯುವುದಿಲ್ಲ, ನೆಟ್‌ವರ್ಕಿಗಾಗಿ ಕಾಯುವುದಿಲ್ಲ. ಸಿಪಿಯು ಉಸಿರು ಬಿಡದೆ ದುಡಿಯಬೇಕು. ಸಿಪಿಯು ಭಾರದ ಕೆಲಸವೆಂದು ನಾನು ಇಂದು ಕರೆಯುವುದು ಇಂಥದ್ದನ್ನು.

ನಾಲ್ಕೈದು ಪುಟಗಳ ಕಡತಗಳು ಬರುತ್ತಿದ್ದಷ್ಟು ದಿನ ಎಲ್ಲವೂ ಸರಾಗವಾಗಿ ನಡೆಯಿತು. ಒಂದು ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ತಮ್ಮ ಒಂಬೈನೂರು ಪುಟಗಳ ಗ್ರಂಥವನ್ನು ಅವರು ನಮ್ಮ ಸರ್ವರಿಗೆ ಹಾಕಿದ್ದರು. “ಮೂರು ಸಲ ಹಾಕಿದೆನಪ್ಪ, ಮೂರು ಸಲವೂ ಅರ್ಧಕ್ಕೇ ನಿಂತುಹೋಯಿತು, ನನ್ನದೇ ಏನಾದರೂ ತಪ್ಪಾಯಿತೇ?” ಎಂದು ಕೇಳಿದರು. ತಪ್ಪು ಅವರದಾಗಿರಲಿಲ್ಲ. ಅವರ ಗ್ರಂಥದ ಪರಿವರ್ತನೆಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಸರ್ವರ್ ಬೇರೆ ಯಾರ ಮಾತಿಗೂ ಓಗೊಡುತ್ತಿರಲಿಲ್ಲ. ಸರ್ವರ್‌ಗಳನ್ನು ನಡೆಸಿ ಕಾಯುವ ಕುಬರ್ನೆಟಿಸ್ ಎಂಬ ವ್ಯವಸ್ಥೆ ‘ಬದುಕಿದ್ದೀಯಾ’ ಎಂದು ಕಳಿಸುವ ವಿಚಾರಣೆಗೂ ಉತ್ತರವಿರಲಿಲ್ಲ. ಅದರ ಪೂರ್ವನಿಗದಿತ ನಿಯಮದಂತೆ ಈ ವಿಚಾರಣೆ 10 ಸೆಕೆಂಡಿಗೊಮ್ಮೆ ಬರುತ್ತದೆ, ಉತ್ತರಕ್ಕೆ 1 ಸೆಕೆಂಡು ಕಾಯುತ್ತದೆ, ಸತತವಾಗಿ 3 ಸಲ ಉತ್ತರ ಬಾರದಿದ್ದರೆ ಪ್ರೋಗ್ರಾಮನ್ನು ಕೊಂದು ಹೊಸದಾಗಿ ಎಬ್ಬಿಸುತ್ತದೆ. ಹೀಗೆ ಮೇಷ್ಟ್ರ ಕೆಲಸ ಮುಗಿಯುವ ಮೊದಲೇ ಸರ್ವರ್ ಸಾಯುತ್ತಿತ್ತು, ಅದರ ಜೊತೆಗೆ ಆ ಹೊತ್ತಿನಲ್ಲಿ ಸರದಿಯಲ್ಲಿದ್ದ ಎಲ್ಲರ ಕೆಲಸವೂ ಹೋಗುತ್ತಿತ್ತು. ಅವರು ಮತ್ತೆ ಹಾಕುತ್ತಿದ್ದರು, ಅದು ಮತ್ತೆ ಸಾಯುತ್ತಿತ್ತು. ಸಾಕಷ್ಟು ಯೋಚಿಸದೆ ನಾವು ಕಟ್ಟಿದ ವ್ಯವಸ್ಥೆ ಒಬ್ಬ ಹಿರಿಯರಿಗೆ ತಮ್ಮದೇ ತಪ್ಪೇನೋ ಎಂಬ ಅನುಮಾನ ಹುಟ್ಟಿಸಿತಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ನೋಡ್ ಯಾವ ನಂಬಿಕೆಯ ಮೇಲೆ ನಿಂತಿದೆ ಎಂದು ನೋಡಬೇಕು. 2009ರ ನವೆಂಬರ್‌ನಲ್ಲಿ ಬರ್ಲಿನ್‌ನ ಜೆಎಸ್‌ಕಾನ್ಫ್ ಸಮ್ಮೇಳನದಲ್ಲಿ ರಯಾನ್ ಡಾಲ್ ಅದನ್ನು ಜಗತ್ತಿಗೆ ಪರಿಚಯಿಸಿದಾಗ ಅವರ ವಾದ ಸ್ಪಷ್ಟವಾಗಿತ್ತು: ಸರ್ವರ್ ತನ್ನ ಬಹುಪಾಲು ಹೊತ್ತನ್ನು ಡೇಟಾಬೇಸ್, ಡಿಸ್ಕ್, ನೆಟ್‌ವರ್ಕ್ ಇವುಗಳ ಉತ್ತರಕ್ಕಾಗಿ ಕಾಯುತ್ತಾ ಕಳೆಯುತ್ತದೆ, ಹೀಗೆ ಸುಮ್ಮನೆ ಕಾಯುವುದಕ್ಕೆ ಬಂದವರಿಗೊಂದರಂತೆ ಥ್ರೆಡ್ (ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ಸಾಗುವ ಕೆಲಸದ ಎಳೆ) ಕೊಡುವುದು ದಂಡ, ಒಂದೇ ಥ್ರೆಡ್ ಎಲ್ಲರನ್ನೂ ನೋಡಿಕೊಂಡು, ಯಾರ ಉತ್ತರ ಬಂದಿತೋ ಅವರ ಕೆಲಸವನ್ನು ಮುಂದುವರಿಸಿದರೆ ಸಾಕು. ಈವೆಂಟ್ ಲೂಪ್ ಎನ್ನುವುದು ಇದನ್ನೇ. ಈ ವಾದ ಸತ್ಯವೆಂದು ಹದಿನೈದಕ್ಕೂ ಹೆಚ್ಚು ವರ್ಷಗಳ ಅನುಭವ ತೋರಿಸಿದೆ. ಆದರೆ ಅದರೊಳಗೆ ಒಂದು ಕರಾರಿದೆ, ಅದನ್ನು ನಾವು ಬೇಗ ಮರೆಯುತ್ತೇವೆ: ಆ ಒಂದೇ ಥ್ರೆಡ್ ಯಾರೊಬ್ಬರ ಕೆಲಸದಲ್ಲೂ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಳ್ಳಬಾರದು. ಆ ಥ್ರೆಡ್ ಸರದಿಯಲ್ಲಿರುವ ಎಲ್ಲರ ಸ್ವತ್ತು.

ನೋಡ್‌ನ ಒಳಗೆ ಬೇರೆ ಥ್ರೆಡ್‌ಗಳೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಲಿಬ್‌ಯುವಿ ಎಂಬ ಅದರ ತಳಪಾಯದ ಲೈಬ್ರರಿ ಒಂದು ಥ್ರೆಡ್ ಪೂಲ್, ಅಂದರೆ ಸಿದ್ಧವಾಗಿಟ್ಟ ಥ್ರೆಡ್‌ಗಳ ಗುಂಪನ್ನು, ಇಟ್ಟುಕೊಂಡಿರುತ್ತದೆ. ಪರಿಸರ ವೇರಿಯಬಲ್‌ನಿಂದ ಬದಲಿಸದಿದ್ದರೆ ಅದರಲ್ಲಿ 4 ಥ್ರೆಡ್‌ಗಳು. ಕಡತ ಓದುವುದು, ಪಾಸ್‌ವರ್ಡ್ ಕಾಪಾಡಲು ಪಿಬಿಕೆಡಿಎಫ್2 ಅಥವಾ ಎಸ್‌ಕ್ರಿಪ್ಟ್ ಎಂಬ ಗೂಢಲಿಪಿಯ ಲೆಕ್ಕ ಹಾಕುವುದು, ಜಿಜಿಪ್‌ನಿಂದ ಕುಗ್ಗಿಸುವುದು ಇಂಥ ಕೆಲವು ಕೆಲಸಗಳು ಅಲ್ಲಿಗೆ ಹೋಗುತ್ತವೆ. ಆದರೆ ನೀವು ಬರೆದ ಜಾವಾಸ್ಕ್ರಿಪ್ಟ್ ಅಲ್ಲಿಗೆ ಹೋಗುವುದಿಲ್ಲ. ನಿಮ್ಮ ಫಾರ್ ಲೂಪು, ಪಠ್ಯದಲ್ಲಿ ಮಾದರಿ ಹುಡುಕುವ ನಿಮ್ಮ ರೆಗ್ಯುಲರ್ ಎಕ್ಸ್‌ಪ್ರೆಶನ್, ದೊಡ್ಡದೊಂದು ಜೇಸನ್ ಪಠ್ಯವನ್ನು (ದತ್ತಾಂಶವನ್ನು ಪಠ್ಯವಾಗಿ ಬರೆಯುವ ರೂಪ) ಬಿಡಿಸುವುದು, ಇವೆಲ್ಲವೂ ಆ ಒಂದೇ ಮುಖ್ಯ ಥ್ರೆಡ್‌ನ ಮೇಲೆಯೇ ನಡೆಯುತ್ತವೆ.

ನಮ್ಮ ಮೊದಲ ಪರಿಹಾರವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಿಮ್ಮಲ್ಲಿ ಬಹುಪಾಲು ಜನ ಅದನ್ನೇ ಮಾಡುತ್ತೀರಿ. ಪರಿವರ್ತನೆಯ ಫಂಕ್ಷನ್‌ನ ಮುಂದೆ ಅಸಿಂಕ್ ಎಂದು ಬರೆದು, ಕರೆಯುವ ಕಡೆ ಅವೇಟ್ ಎಂದು ಸೇರಿಸಿ, ಕೆಲಸ ಪಕ್ಕಕ್ಕೆ ಹೋಯಿತೆಂದು ನಿಶ್ಚಿಂತರಾದೆವು. ಏನೂ ಬದಲಾಗಲಿಲ್ಲ. ಅಸಿಂಕ್ ಎಂಬ ಪದ ಕೆಲಸವನ್ನು ಬೇರೆ ಥ್ರೆಡ್‌ಗೆ ಕಳಿಸುವುದಿಲ್ಲ. ಉತ್ತರಕ್ಕಾಗಿ ಕಾಯುವಾಗ ದಾರಿ ಬಿಡಲು ಮಾತ್ರ ಅದು ನೆರವಾಗುತ್ತದೆ. ಕಾಯುವ ಜಾಗವೇ ಇಲ್ಲದ, ಲೆಕ್ಕ ಹಾಕುವ ಕೆಲಸದಲ್ಲಿ ಅದು ದಾರಿ ಬಿಡುವುದಾದರೂ ಎಲ್ಲಿ? ಪ್ರಾಮಿಸ್‌ನ (ಮುಂದೆ ಬರಲಿರುವ ಉತ್ತರವನ್ನು ಪ್ರತಿನಿಧಿಸುವ ಆಬ್ಜೆಕ್ಟ್) ಒಳಗೆ ಸುತ್ತಿಟ್ಟ ಭಾರದ ಲೂಪು ಕೂಡ ಮುಖ್ಯ ಥ್ರೆಡ್‌ನ ಹೆಗಲ ಮೇಲೆಯೇ ಇರುತ್ತದೆ.

ಇದು ದೊಡ್ಡ ಕಡತಗಳಿಗಷ್ಟೇ ಬರುವ ಕಷ್ಟವೆಂದು ತಿಳಿಯಬೇಡಿ. 2016ರ ಜುಲೈ 20ರಂದು ಸ್ಟಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ 34 ನಿಮಿಷ ನಿಂತುಹೋಯಿತು. ಸಾಲಿನ ಆದಿ ಅಂತ್ಯಗಳಲ್ಲಿರುವ ಖಾಲಿ ಜಾಗವನ್ನು ತೆಗೆಯುವ ಒಂದು ಸಣ್ಣ ರೆಗ್ಯುಲರ್ ಎಕ್ಸ್‌ಪ್ರೆಶನ್ ಅದಕ್ಕೆ ಕಾರಣವಾಗಿತ್ತು. ಒಂದು ಬರಹದ ನಡುವೆ ಸುಮಾರು 20,000 ಖಾಲಿ ಚಿಹ್ನೆಗಳು ಒಟ್ಟಾಗಿದ್ದವು. ಅವುಗಳ ಕೊನೆಯಲ್ಲಿ ಸಾಲು ಮುಗಿಯದೆ ಬೇರೊಂದು ಅಕ್ಷರ ಬಂದಿದ್ದರಿಂದ ಎಂಜಿನ್ ಮೊದಲಿಂದ ನೋಡಿ ಸೋತು, ಎರಡನೆಯದರಿಂದ ನೋಡಿ ಸೋತು, ಹೀಗೆ 20,000, 19,999, 19,998 ಎಂದು ಕೂಡುತ್ತಾ ಸುಮಾರು 20 ಕೋಟಿ ಪರೀಕ್ಷೆಗಳನ್ನು ಮಾಡಿತು. ಆ ತಾಣ ನೋಡ್‌ನಲ್ಲಿ ಕಟ್ಟಿದ್ದಲ್ಲ, ಹಲವು ಥ್ರೆಡ್‌ಗಳ ವ್ಯವಸ್ಥೆ ಅದು. ಆದರೂ ನೆಲಕ್ಕೆ ಬಿತ್ತು. ಒಂದೇ ಥ್ರೆಡ್ ಇರುವ ನಮ್ಮ ಸರ್ವರಿಗೆ ಇಂಥ ಒಂದೇ ಒಂದು ಬರಹ ಸಾಕು.

ನೋಡ್‌ನಲ್ಲಿ ಈ ಭಾರವನ್ನು ಬೇರೆಡೆಗೆ ಸಾಗಿಸಲು ಮೊದಲಿನಿಂದಲೂ ಇದ್ದ ದಾರಿ ಬೇರೆ ಪ್ರೋಸೆಸ್, ಅಂದರೆ ತನ್ನದೇ ಮೆಮೊರಿಯೊಡನೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮು. ಕ್ಲಸ್ಟರ್ ಮಾಡ್ಯೂಲಿನಿಂದ ಇಡೀ ಸರ್ವರನ್ನೇ ನಾಲ್ಕು ಅಥವಾ ಎಂಟು ಪ್ರತಿಗಳಾಗಿ ನಡೆಸಬಹುದು. ಇದರಿಂದ ಯಂತ್ರದ ಎಲ್ಲ ಕೋರ್‌ಗಳೂ (ಸಿಪಿಯುವಿನೊಳಗೆ ಲೆಕ್ಕ ಹಾಕುವ ಘಟಕಗಳು) ದುಡಿಯುತ್ತವೆ, ನಿಜ. ಆದರೆ ಮೇಷ್ಟ್ರ ಗ್ರಂಥ ಯಾವ ಪ್ರತಿಗೆ ಹೋಯಿತೋ ಆ ಪ್ರತಿಯ ಸರದಿಯಲ್ಲಿದ್ದವರು ಮೊದಲಿನಂತೆಯೇ ಕಾಯುತ್ತಾರೆ. ಕಷ್ಟ ಹಂಚಿಹೋಯಿತೇ ಹೊರತು ನೀಗಲಿಲ್ಲ. ವರ್ಕರ್ ಥ್ರೆಡ್ ಎಂಬ ಮಾಡ್ಯೂಲು 2018ರ ಜೂನ್‌ನಲ್ಲಿ ನೋಡ್ 10.5ರೊಂದಿಗೆ ಪ್ರಾಯೋಗಿಕವಾಗಿ ಬಂದಿತು. ಅದನ್ನು ಕಟ್ಟಿದವರಲ್ಲಿ ಮುಖ್ಯ ಹೆಸರು ಆನ್ನಾ ಹೆನಿಂಗ್‌ಸೆನ್ ಅವರದು. 2019ರ ಜನವರಿಯ 11.7ರಲ್ಲಿ ವಿಶೇಷ ಸೂಚನೆಯಿಲ್ಲದೆಯೂ ಬಳಸುವಂತಾಯಿತು. ಅದೇ ವರ್ಷ ನೋಡ್ 12ರ ಕಾಲದಲ್ಲಿ ಸ್ಥಿರವೆಂಬ ಮುದ್ರೆ ಬಿತ್ತು.

ವರ್ಕರ್ ಎಂದರೇನು? ಅದೇ ಪ್ರೋಸೆಸ್‌ನ ಒಳಗೆ ಇನ್ನೊಂದು ಥ್ರೆಡ್. ಅದಕ್ಕೆ ತನ್ನದೇ ಆದ, ಜಾವಾಸ್ಕ್ರಿಪ್ಟ್ ನಡೆಸುವ ವಿ8 ಎಂಜಿನ್ನಿನ ಪ್ರತ್ಯೇಕ ಆವರಣ, ತನ್ನದೇ ಹೀಪ್ (ಆಬ್ಜೆಕ್ಟ್‌ಗಳನ್ನಿಡುವ ಮೆಮೊರಿ), ತನ್ನದೇ ಈವೆಂಟ್ ಲೂಪ್. ಜಾವಾ ಅಥವಾ ಸಿ ಭಾಷೆಯಲ್ಲಿ ಥ್ರೆಡ್ ಬಳಸಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಲ್ಲಿ ಎರಡು ಥ್ರೆಡ್‌ಗಳು ಒಂದೇ ಆಬ್ಜೆಕ್ಟನ್ನು ಮುಟ್ಟಬಹುದು. ಇಲ್ಲಿ ಮುಖ್ಯ ಥ್ರೆಡ್‌ನ ಒಂದು ವೇರಿಯಬಲ್ ಕೂಡ ವರ್ಕರ್‌ಗೆ ಕಾಣುವುದಿಲ್ಲ. ಎರಡರ ನಡುವೆ ಇರುವುದು ಸಂದೇಶ ಮಾತ್ರ. ಹಾಗಾಗಿ ಒಂದೇ ಆಬ್ಜೆಕ್ಟಿಗೆ ಇಬ್ಬರು ಕೈಹಾಕಿ ಕೆಡಿಸುವ ಭಯ ಬಹುಮಟ್ಟಿಗೆ ಇಲ್ಲ. ಅದರ ಬದಲಿಗೆ ಸಂದೇಶದ ಬೆಲೆ ತೆರಬೇಕು. ವರ್ಕರ್‌ಗಳನ್ನು ಬಳಸಿ ನಿರಾಶರಾದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕೆಲಸವನ್ನು ಸರಿಯಾಗಿಯೇ ಹಂಚಿದ್ದರು, ಆದರೆ ನಡುವೆ ಏನನ್ನು ಸಾಗಿಸುತ್ತಿದ್ದೇವೆಂದು ನೋಡಿರಲಿಲ್ಲ. ನನ್ನ ಇಂದಿನ ಮಾತಿನ ತಿರುಳು ಇರುವುದು ಇಲ್ಲಿಯೇ.

ಒಂದು ಆಬ್ಜೆಕ್ಟನ್ನು ಪೋಸ್ಟ್‌ಮೆಸೇಜ್ ಎಂಬ ಸಂದೇಶ ಕಳಿಸುವ ಫಂಕ್ಷನ್ ಮೂಲಕ ಕಳಿಸಿದಾಗ ನೋಡ್ ಅದನ್ನು ಸ್ಟ್ರಕ್ಚರ್ಡ್ ಕ್ಲೋನ್ ಎಂಬ ವಿಧಾನದಿಂದ ನಕಲು ಮಾಡುತ್ತದೆ. ಈ ಕಡೆ ಆಬ್ಜೆಕ್ಟನ್ನು ಪೂರ್ತಿ ನಡೆದು ಬೈಟುಗಳಾಗಿ ಬರೆಯಬೇಕು, ಆ ಕಡೆ ಬೈಟುಗಳಿಂದ ಮತ್ತೆ ಕಟ್ಟಬೇಕು. ಈ ಎರಡು ಕೆಲಸಗಳಲ್ಲಿ ಒಂದು ಯಾವಾಗಲೂ ಮುಖ್ಯ ಥ್ರೆಡ್‌ನ ಪಾಲಿಗೆ ಬರುತ್ತದೆ, ಕಳಿಸುವಾಗ ಬರೆಯುವುದು, ಉತ್ತರ ಬಂದಾಗ ಕಟ್ಟುವುದು. ನಮ್ಮ ಎರಡನೆಯ ಪ್ರಯತ್ನದಲ್ಲಿ ನಾವು ಅಪ್‌ಲೋಡ್ ಆದ ಕಡತವನ್ನು ಮುಖ್ಯ ಥ್ರೆಡ್‌ನಲ್ಲೇ ಸ್ಟ್ರಿಂಗ್ (ಅಕ್ಷರಗಳ ಸರಣಿ) ಮಾಡಿ, ಪ್ಯಾರಾಗಳಾಗಿ ಒಡೆದು, ಆ ಪ್ಯಾರಾಗಳ ಅರೇಯನ್ನು (ಪಟ್ಟಿಯನ್ನು) ವರ್ಕರ್‌ಗೆ ಕಳಿಸಿ, ಒಂದೊಂದು ಪದಕ್ಕೆ ಒಂದೊಂದು ಆಬ್ಜೆಕ್ಟ್ ಇರುವ ಉತ್ತರವನ್ನು ಪಡೆದು, ಅದನ್ನು ಜೇಸನ್ ಮಾಡಿ ಕಳಿಸುತ್ತಿದ್ದೆವು. ಭಾರದ ಲೆಕ್ಕ ಪಕ್ಕಕ್ಕೆ ಹೋಗಿತ್ತು, ಆದರೂ ದೊಡ್ಡ ಗ್ರಂಥ ಬಂದಾಗ ಸರ್ವರ್ ಆಗಾಗ ತಡವರಿಸುತ್ತಿತ್ತು. ಲಕ್ಷಗಟ್ಟಲೆ ಪುಟ್ಟ ಆಬ್ಜೆಕ್ಟ್‌ಗಳನ್ನು ಕಟ್ಟುವುದು, ಮತ್ತೆ ಅವನ್ನು ಜೇಸನ್ ಪಠ್ಯ ಮಾಡುವುದು, ಎರಡೂ ಮುಖ್ಯ ಥ್ರೆಡ್‌ನ ತಲೆಗೇ ಬಂದಿದ್ದವು.

ನಕಲಿನ ಬದಲು ವರ್ಗಾವಣೆ ಎಂಬ ಇನ್ನೊಂದು ದಾರಿಯಿದೆ. ಇದನ್ನು ಹೇಳುವಾಗ ನನಗೆ ನಮ್ಮೂರಿನ ಹಿಟ್ಟಿನ ಗಿರಣಿ ನೆನಪಾಗುತ್ತದೆ. ರಾಗಿಯ ಡಬ್ಬವನ್ನು ಗಿರಣಿಯಲ್ಲಿ ಬಿಟ್ಟು ಬಂದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಡಬ್ಬವೂ ಇಲ್ಲ, ರಾಗಿಯೂ ಇಲ್ಲ. ಸಂಜೆ ಅದೇ ಡಬ್ಬದಲ್ಲಿ ಹಿಟ್ಟು ಬರುತ್ತದೆ. ಅರೇ ಬಫರ್ (ಬೈಟುಗಳನ್ನಿಡುವ ಮೆಮೊರಿಯ ತುಂಡು) ಒಂದನ್ನು ವರ್ಗಾವಣೆಯ ಪಟ್ಟಿಯಲ್ಲಿ ಹೆಸರಿಸಿ ಕಳಿಸಿದರೆ ಹೀಗೆಯೇ ಆಗುತ್ತದೆ: ಬೈಟುಗಳು ಇದ್ದಲ್ಲೇ ಇರುತ್ತವೆ, ಅವುಗಳ ಒಡೆತನ ಮಾತ್ರ ಕೈ ಬದಲಾಗುತ್ತದೆ. ಕಳಿಸಿದವರ ಕೈಯಲ್ಲಿ ಉಳಿಯುವ ಬಫರಿನ ಉದ್ದ ಸೊನ್ನೆ. ಹತ್ತು ಮೆಗಾಬೈಟ್ ಇದ್ದರೂ ನೂರು ಮೆಗಾಬೈಟ್ ಇದ್ದರೂ ನಕಲಿನ ಶ್ರಮವಿಲ್ಲ. ಸ್ಟ್ರಿಂಗ್‌ಗಳಿಗೆ ಈ ಸೌಲಭ್ಯ ಇಲ್ಲ, ಅವು ನಕಲಾಗಿಯೇ ಹೋಗಬೇಕು. ಕನ್ನಡದ ಮಟ್ಟಿಗೆ ಇದು ಇನ್ನೂ ಸ್ವಲ್ಪ ದುಬಾರಿ: ಕೇವಲ ಇಂಗ್ಲಿಷ್ ಅಕ್ಷರಗಳ ಸ್ಟ್ರಿಂಗನ್ನು ವಿ8 ಅಕ್ಷರಕ್ಕೆ ಒಂದು ಬೈಟಿನಂತೆ ಇಡಬಲ್ಲದು, ಕನ್ನಡದ ಒಂದು ಸಂಕೇತ ಸೇರಿದರೂ ಇಡೀ ಸ್ಟ್ರಿಂಗ್ ಎರಡೆರಡು ಬೈಟಿನದಾಗುತ್ತದೆ. ‘ಕರ್ನಾಟಕ’ಕ್ಕೆ ಅಲ್ಲಿ 14 ಬೈಟು, ಹೊರಗೆ ಕಳಿಸುವಾಗ ಯುಟಿಎಫ್-8 ಎಂಬ, ಯೂನಿಕೋಡನ್ನು ಬೈಟುಗಳಾಗಿ ಬರೆಯುವ ವಿಧಾನದಲ್ಲಿ ಸಂಕೇತಕ್ಕೆ ಮೂರರಂತೆ 21 ಬೈಟು.

ಹೀಗಾಗಿ ಮೂರನೆಯ ಸಲ ನಾವು ಗಡಿಯನ್ನೇ ಬದಲಿಸಿದೆವು. ಅಪ್‌ಲೋಡ್ ಆದ ಬೈಟುಗಳನ್ನು ಮುಖ್ಯ ಥ್ರೆಡ್ ಬಿಚ್ಚಿಯೂ ನೋಡುವುದಿಲ್ಲ, ಹಾಗೆಯೇ ವರ್ಕರ್‌ಗೆ ವರ್ಗಾಯಿಸುತ್ತದೆ. ಸ್ಟ್ರಿಂಗ್ ಮಾಡುವುದು, ಪರಿವರ್ತಿಸುವುದು, ಕಾಗುಣಿತ ನೋಡುವುದು, ಉತ್ತರದ ಜೇಸನ್ ಕಟ್ಟುವುದು, ಅದನ್ನು ಯುಟಿಎಫ್-8 ಬೈಟುಗಳನ್ನಾಗಿ ಮಾಡುವುದು ಎಲ್ಲವೂ ವರ್ಕರ್‌ನ ಒಳಗೇ ಮುಗಿಯುತ್ತದೆ. ವರ್ಕರ್ ಆ ಬೈಟುಗಳನ್ನು ಮರಳಿ ವರ್ಗಾಯಿಸುತ್ತದೆ, ಮುಖ್ಯ ಥ್ರೆಡ್ ಅವನ್ನು ನೇರವಾಗಿ ಬ್ರೌಸರಿಗೆ ಬರೆಯುತ್ತದೆ. ಕನ್ನಡದ ಒಂದು ಸ್ಟ್ರಿಂಗ್ ಕೂಡ ಮುಖ್ಯ ಥ್ರೆಡ್‌ನಲ್ಲಿ ಹುಟ್ಟುವುದಿಲ್ಲ. ತಡವರಿಕೆ ನಿಂತಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು: ಚಿಕ್ಕ ಬಫರ್‌ಗಳನ್ನು ನೋಡ್ ಎಲ್ಲರಿಗೂ ಸೇರಿದ ಒಂದು ಸಾಮಾನ್ಯ ತುಂಡಿನಿಂದ ಕತ್ತರಿಸಿ ಕೊಡುತ್ತದೆ, ಅಂಥದನ್ನು ವರ್ಗಾಯಿಸಲು ಬರುವುದಿಲ್ಲ. ಚಿಕ್ಕದನ್ನು ನಕಲಾಗಿಯೇ ಕಳಿಸಿ, ನಷ್ಟವಿಲ್ಲ. ಹಾಗೆಯೇ ಫಂಕ್ಷನ್‌ಗಳು ಸಂದೇಶದಲ್ಲಿ ಹೋಗುವುದಿಲ್ಲ, ದೋಷ ಬರುತ್ತದೆ. ನೀವು ಕಟ್ಟಿದ ಕ್ಲಾಸ್‌ನ ಆಬ್ಜೆಕ್ಟ್ ಆ ಕಡೆ ತಲುಪುವಾಗ ತನ್ನ ಮೆಥಡ್‌ಗಳನ್ನು ಕಳೆದುಕೊಂಡು ಬರಿಯ ದತ್ತಾಂಶವಾಗಿರುತ್ತದೆ.

ಎಲ್ಲ ವರ್ಕರ್‌ಗಳಿಗೂ ಒಂದೇ ದತ್ತಾಂಶ ಓದಲು ಬೇಕಾದಾಗ ಶೇರ್ಡ್ ಅರೇ ಬಫರ್ ಇದೆ. ನಮ್ಮಲ್ಲಿ ಅದು ನಿಘಂಟಿಗೆ ಒದಗಿತು. ಹತ್ತು ಲಕ್ಷ ಪದರೂಪಗಳನ್ನು ಪ್ರತಿ ವರ್ಕರ್‌ನಲ್ಲೂ ಒಂದೊಂದು ಸೆಟ್ ಆಗಿ ಇಟ್ಟರೆ ಮೆಮೊರಿ ವರ್ಕರ್‌ಗಳ ಸಂಖ್ಯೆಯಷ್ಟು ಪಟ್ಟು ಬೇಕಾಗುತ್ತದೆ. ಅದರ ಬದಲು ಪದಗಳನ್ನೇ ಇಡದೆ ಅವುಗಳ ಗುರುತಿನ ಬಿಟ್‌ಗಳನ್ನಷ್ಟೇ ಇಡುವ ಬ್ಲೂಮ್ ಫಿಲ್ಟರ್ ಎಂಬ ರಚನೆ ಬಳಸಿದೆವು: ಪದಕ್ಕೆ 10 ಬಿಟ್‌ನಂತೆ ಹತ್ತು ಲಕ್ಷ ಪದಗಳಿಗೆ ಒಂದು ಕೋಟಿ ಬಿಟ್, ಅಂದರೆ ಹನ್ನೆರಡೂವರೆ ಲಕ್ಷ ಬೈಟು. 7 ಹ್ಯಾಶ್ (ಪದದಿಂದ ಒಂದು ಸಂಖ್ಯೆ ಪಡೆಯುವ ಲೆಕ್ಕ) ಬಳಸಿದರೆ ಇಲ್ಲದ ಪದವನ್ನು ಇದೆಯೆಂದು ಹೇಳುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಇರುವ ಪದವನ್ನು ಇಲ್ಲವೆಂದು ಅದು ಎಂದೂ ಹೇಳುವುದಿಲ್ಲ. ತಪ್ಪಿರಬಹುದಾದ ಪದಗಳನ್ನು ಗುರುತಿಸಲು ಇಷ್ಟು ನಿಖರತೆ ಸಾಕು. ಸರ್ವರ್ ಏಳುವಾಗ ಒಮ್ಮೆ ಅದನ್ನು ಕಟ್ಟಿ ಎಲ್ಲ ವರ್ಕರ್‌ಗಳಿಗೂ ಕೊಟ್ಟುಬಿಟ್ಟರೆ, ಆಮೇಲೆ ಯಾರೂ ಬರೆಯುವುದಿಲ್ಲವಾದ್ದರಿಂದ ಬೀಗವೂ ಬೇಕಿಲ್ಲ. ಬರೆಯುವವರು ಒಬ್ಬರಿಗಿಂತ ಹೆಚ್ಚಾದರೆ ಮಾತ್ರ ಕಥೆ ಬೇರೆ: ಇಬ್ಬರು ಒಂದೇ ಎಣಿಕೆಯನ್ನು ಓದಿ, ಇಬ್ಬರೂ ಒಂದು ಕೂಡಿಸಿ, ಇಬ್ಬರೂ ಬರೆದರೆ ಒಂದು ಎಣಿಕೆ ಮಾಯವಾಗುತ್ತದೆ. ಅಂಥಲ್ಲಿ ಓದಿ, ಕೂಡಿಸಿ, ಬರೆಯುವುದನ್ನು ಒಡೆಯಲಾಗದ ಒಂದೇ ಹೆಜ್ಜೆಯಾಗಿಸುವ ಅಟಾಮಿಕ್ಸ್ ಬಳಸಲೇಬೇಕು.

ಮುಂದಿನ ಪ್ರಶ್ನೆ ಎಷ್ಟು ವರ್ಕರ್‌ಗಳು ಎಂಬುದು. ಒಂದು ಅಪ್‌ಲೋಡ್‌ಗೆ ಒಂದು ಹೊಸ ವರ್ಕರ್ ಹುಟ್ಟಿಸುವುದು ಬೇಡ. ಪ್ರತಿ ವರ್ಕರ್‌ಗೂ ಹೊಸ ಆವರಣ ಕಟ್ಟಬೇಕು, ಮಾಡ್ಯೂಲುಗಳನ್ನು ಮತ್ತೆ ಲೋಡ್ ಮಾಡಬೇಕು, ಮೆಮೊರಿ ಕೊಡಬೇಕು. ನೂರು ಜನ ಒಟ್ಟಿಗೆ ಬಂದರೆ ಯಂತ್ರವೇ ಕುಸಿಯುತ್ತದೆ. ಆರಂಭದಲ್ಲೇ ಕೆಲವನ್ನು ಎಬ್ಬಿಸಿಟ್ಟು ಸರದಿಯಂತೆ ಕೆಲಸ ಕೊಡುವ ಪೂಲ್ ಬೇಕು. ಇದನ್ನು ನೀವೇ ಬರೆಯಬಹುದು, ಕಲಿಯುವುದಕ್ಕೆ ಒಳ್ಳೆಯದು. ಉತ್ಪಾದನೆಯಲ್ಲಿ ಪಿಸಿನಾದಂಥ ಸಿದ್ಧ ಲೈಬ್ರರಿಯನ್ನೇ ನಾನು ಆರಿಸುತ್ತೇನೆ. ಇಟಾಲಿಯನ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಈಜುಕೊಳ.

ಪೂಲಿನ ಗಾತ್ರಕ್ಕೆ ಕೋರ್‌ಗಳ ಸಂಖ್ಯೆಯಿಂದ ಒಂದನ್ನು ಕಳೆದು ಇಡುವುದು ರೂಢಿ, ಆ ಒಂದು ಮುಖ್ಯ ಥ್ರೆಡ್‌ಗೆ. ಆದರೆ ಯಂತ್ರದ ಒಂದು ಪಾಲನ್ನಷ್ಟೇ ಕೊಟ್ಟು ಪ್ರೋಗ್ರಾಮನ್ನು ಬೇರೆಯಾಗಿ ನಡೆಸುವ ಕಂಟೇನರ್‌ನಲ್ಲಿ ಈ ರೂಢಿ ಮೋಸ ಮಾಡಬಹುದು, ನಮಗೆ ಮಾಡಿತು. ಸಿಪಿಯುಗಳ ಪಟ್ಟಿಯನ್ನು ಕೇಳಿದರೆ ನೋಡ್ ಯಂತ್ರದಲ್ಲಿರುವ ಕೋರ್‌ಗಳನ್ನೆಲ್ಲ ಎಣಿಸಿ ಹೇಳುತ್ತದೆ, ನಿಮ್ಮ ಕಂಟೇನರ್‌ಗೆ ಕೊಟ್ಟ ಪಾಲನ್ನಲ್ಲ. ಕಂಟೇನರ್‌ನ ಮಿತಿ ಒಂದು ಸಿಪಿಯು, ಆದರೆ ನೀವು 8 ವರ್ಕರ್‌ಗಳನ್ನು ಎಬ್ಬಿಸಿದ್ದೀರಿ ಎಂದುಕೊಳ್ಳಿ. ಲಿನಕ್ಸ್ ಆ ಮಿತಿಯನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಅವಧಿಗಳಲ್ಲಿ ಲೆಕ್ಕ ಹಿಡಿಯುತ್ತದೆ. ಒಂದು ಸಿಪಿಯು ಎಂದರೆ ಪ್ರತಿ ಅವಧಿಯಲ್ಲಿ ಎಲ್ಲ ಥ್ರೆಡ್‌ಗಳೂ ಸೇರಿ 100 ಮಿಲಿಸೆಕೆಂಡು ದುಡಿಯಬಹುದು. ಎಂಟೂ ಒಟ್ಟಿಗೆ ಎಂಟು ಕೋರ್‌ಗಳ ಮೇಲೆ ದುಡಿದರೆ ಆ ಪಾಲು 12.5 ಮಿಲಿಸೆಕೆಂಡಿನಲ್ಲಿ ಖರ್ಚಾಗಿಬಿಡುತ್ತದೆ. ಉಳಿದ 87.5 ಮಿಲಿಸೆಕೆಂಡು ಇಡೀ ಕಂಟೇನರ್ ಸ್ತಬ್ಧ. ಸ್ತಬ್ಧವಾದವರಲ್ಲಿ ಮುಖ್ಯ ಥ್ರೆಡ್ ಕೂಡ ಸೇರಿದೆ. ಯಾವ ಥ್ರೆಡ್‌ನ ಬಿಡುವಿಗಾಗಿ ಇಷ್ಟೆಲ್ಲ ಮಾಡಿದೆವೋ ಅದೇ ಪ್ರತಿ ಅವಧಿಯಲ್ಲೂ ಹೆಚ್ಚಿನ ಹೊತ್ತು ನಿಂತಿರುತ್ತದೆ. ಆದ್ದರಿಂದ ಪೂಲಿನ ಗಾತ್ರವನ್ನು ಯಂತ್ರದಿಂದ ಊಹಿಸದೆ, ಕಂಟೇನರ್‌ಗೆ ಎಷ್ಟು ಸಿಪಿಯು ಕೊಟ್ಟಿದ್ದೀರೋ ಅದರ ಪಕ್ಕದಲ್ಲೇ ಒಂದು ಸೆಟ್ಟಿಂಗ್ ಆಗಿ ಬರೆದಿಡಿ. ಒಂದೇ ಸಿಪಿಯು ಇದ್ದರೆ ಒಂದೇ ವರ್ಕರ್ ಸಾಕು. ಆಗಲೂ ಮುಖ್ಯ ಥ್ರೆಡ್ ಮತ್ತು ವರ್ಕರ್ ನಡುವೆ ಕರ್ನಲ್ (ಲಿನಕ್ಸ್‌ನ ತಿರುಳು) ಸಮಯ ಹಂಚುವುದರಿಂದ ಸಣ್ಣ ವಿಚಾರಣೆಗಳಿಗೆ ಉತ್ತರ ಹೋಗುತ್ತದೆ.

ಪೂಲಿನ ಮುಂದಿನ ಸರದಿಗೂ ಮಿತಿಯಿರಲಿ. ಎಲ್ಲ ವರ್ಕರ್‌ಗಳೂ ದುಡಿಯುತ್ತಿರುವಾಗ ಬಂದ ಕಡತಗಳೆಲ್ಲ ಮೆಮೊರಿಯಲ್ಲಿ ಪೇರಿಸಿಕೊಳ್ಳುತ್ತಾ ಹೋದರೆ ಕೊನೆಗೆ ಮೆಮೊರಿಯೇ ಮುಗಿಯುತ್ತದೆ. ಮಿತಿ ದಾಟಿದಾಗ ಸದ್ಯ ಸೇವೆ ಸಿಗದು ಎಂಬರ್ಥದ 503 ಎಂಬ ಉತ್ತರದೊಂದಿಗೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ತಿಳಿಸುವುದೇ ಗೌರವದ ನಡೆ.

ಮುಖ್ಯ ಥ್ರೆಡ್‌ನಲ್ಲಿ ಕನಸಲ್ಲೂ ಸಾಧ್ಯವಿಲ್ಲದ ಒಂದು ಕೆಲಸ ವರ್ಕರ್‌ನಿಂದ ಸಾಧ್ಯ: ಮುಗಿಯದ ಲೂಪನ್ನು ಹೊರಗಿನಿಂದ ನಿಲ್ಲಿಸುವುದು. ಪ್ರತಿ ಕೆಲಸಕ್ಕೂ ಒಂದು ಗಡುವು ಇಟ್ಟು, ಅದು ಮೀರಿದರೆ ಟರ್ಮಿನೇಟ್ ಕರೆದು ಆ ವರ್ಕರನ್ನು ಮುಗಿಸಿ, ಹೊಸದನ್ನು ಎಬ್ಬಿಸುತ್ತೇವೆ. ವರ್ಕರ್‌ನೊಳಗೆ ಯಾರೂ ಹಿಡಿಯದ ದೋಷ ಬಂದರೆ ಅದು ಎರರ್ ಎಂಬ ಈವೆಂಟ್ ಆಗಿ ಮುಖ್ಯ ಥ್ರೆಡ್‌ಗೆ ತಲುಪುತ್ತದೆ. ಅದನ್ನು ಕೇಳಿಸಿಕೊಳ್ಳಲು ನೀವು ಯಾರನ್ನೂ ಇಟ್ಟಿಲ್ಲವಾದರೆ ಮುಖ್ಯ ಥ್ರೆಡ್ ಕೂಡ ಬೀಳುತ್ತದೆ. ಹೀಪ್‌ಗೆ ಮಿತಿ ಹಾಕಲು ರಿಸೋರ್ಸ್ ಲಿಮಿಟ್ಸ್ ಇದೆ, ಆದರೆ ಅರೇ ಬಫರ್‌ಗಳ ಮೆಮೊರಿ ಆ ಲೆಕ್ಕಕ್ಕೆ ಬರುವುದಿಲ್ಲವೆಂಬುದು ನೆನಪಿರಲಿ. ಕೊನೆಯದಾಗಿ, ಇವೆಲ್ಲವೂ ಒಂದೇ ಪ್ರೋಸೆಸ್‌ನಲ್ಲಿವೆ. ಸಿ++ನಲ್ಲಿ ಬರೆದ ಒಂದು ಆಡ್‌ಆನ್ ವರ್ಕರ್‌ನ ಒಳಗೆ ಮೆಮೊರಿ ಕೆಡಿಸಿದರೆ ಇಡೀ ಸರ್ವರ್ ಹೋಗುತ್ತದೆ. ನಂಬಿಕೆಯಿಲ್ಲದ ಕೋಡನ್ನು ನಡೆಸಲು ವರ್ಕರ್ ರಕ್ಷಣೆಯಲ್ಲ.

ಎಲ್ಲೆಲ್ಲಿ ಬೇಡ ಎಂಬುದನ್ನೂ ಹೇಳುತ್ತೇನೆ. ಡೇಟಾಬೇಸಿನ ಉತ್ತರ ನಿಧಾನವೆಂದು ಆ ಕೆಲಸವನ್ನು ವರ್ಕರ್‌ಗೆ ಹಾಕಿದರೆ ಏನೂ ಸಿಗುವುದಿಲ್ಲ, ಈವೆಂಟ್ ಲೂಪ್ ಅದನ್ನೇ ಇನ್ನೂ ಚೆನ್ನಾಗಿ ಮಾಡುತ್ತದೆ. ಒಂದೆರಡು ಮಿಲಿಸೆಕೆಂಡಿನ ಲೆಕ್ಕಕ್ಕೆ ಸಂದೇಶದ ವೆಚ್ಚವೇ ಹೆಚ್ಚಾಗುತ್ತದೆ. ಕೆಲವು ಹತ್ತು ಮಿಲಿಸೆಕೆಂಡುಗಳ ಕೆಲಸವನ್ನು ಸಾವಿರ ಸಾಲುಗಳಿಗೊಮ್ಮೆ ನಿಲ್ಲಿಸಿ, ಸೆಟ್‌ಇಮಿಡಿಯೆಟ್ ಮೂಲಕ ಉಳಿದವರಿಗೆ ಸರದಿ ಬಿಟ್ಟುಕೊಟ್ಟು ಮುಂದುವರಿಸಬಹುದು. ಹಲವು ನಿಮಿಷ ಹಿಡಿಯುವ ಕೆಲಸವಾದರೆ ವರ್ಕರ್ ಕೂಡ ತಕ್ಕ ಜಾಗವಲ್ಲ ಎಂಬುದು ನನ್ನ ಅಭಿಪ್ರಾಯ. ನೀವು ಹೊಸ ಆವೃತ್ತಿ ಹಾಕಿದೊಡನೆ ಆ ಕೆಲಸ ನಡುವೆಯೇ ಸಾಯುತ್ತದೆ. ಅದಕ್ಕೆ ಬೇರೆ ಪ್ರೋಸೆಸ್ಸೂ, ಎಲ್ಲಿಗೆ ಬಂದೆವೆಂದು ಬರೆದಿಡುವ ಕೆಲಸದ ಪಟ್ಟಿಯೂ ಬೇಕು.

ಯಾವುದನ್ನೂ ಅಳೆಯದೆ ಮಾಡಬೇಡಿ. ಪರ್ಫ್ ಹುಕ್ಸ್ ಮಾಡ್ಯೂಲಿನಲ್ಲಿ ಮಾನಿಟರ್ ಈವೆಂಟ್ ಲೂಪ್ ಡಿಲೇ ಎಂಬ ಫಂಕ್ಷನ್ ಇದೆ. ಈವೆಂಟ್ ಲೂಪ್ ಎಷ್ಟು ತಡವಾಗುತ್ತಿದೆ ಎಂಬುದನ್ನು ಅದು ನ್ಯಾನೋಸೆಕೆಂಡುಗಳಲ್ಲಿ ದಾಖಲಿಸುತ್ತದೆ. ಸರಾಸರಿಯನ್ನು ನೋಡಬೇಡಿ, ನೂರರಲ್ಲಿ ತೊಂಬತ್ತೊಂಬತ್ತನೆಯ ಅಂಕಿಯನ್ನೂ ಗರಿಷ್ಠವನ್ನೂ ನೋಡಿ. ಮೇಷ್ಟ್ರಂಥವರ ಅನುಭವ ಅಡಗಿರುವುದು ಅಲ್ಲಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿ, “ಸರ್, ಇಷ್ಟೆಲ್ಲ ಕಷ್ಟಪಡುವ ಬದಲು ಪರಿವರ್ತನೆಯನ್ನು ಗೋ ಅಥವಾ ರಸ್ಟ್ ಭಾಷೆಯಲ್ಲೇ ಬರೆಯಬಹುದಿತ್ತಲ್ಲ?” ಎಂದು ಕೇಳಿದರು. ಖಂಡಿತ ಬರೆಯಬಹುದಿತ್ತು, ಲೆಕ್ಕವೂ ಬೇಗ ಮುಗಿಯುತ್ತಿತ್ತು. ಆದರೆ ನಮ್ಮ ಪರಿವರ್ತನೆಯ ಕೋಷ್ಟಕವೂ ನಿಯಮಗಳೂ ಬ್ರೌಸರಿನಲ್ಲೂ ಓಡಬೇಕಾಗಿತ್ತು, ಸಣ್ಣ ಪಠ್ಯವನ್ನು ಜನ ಅಲ್ಲೇ ಅಂಟಿಸಿ ನೋಡುತ್ತಿದ್ದರು. ಒಂದೇ ನಿಯಮವನ್ನು ಎರಡು ಭಾಷೆಗಳಲ್ಲಿ ಬರೆದರೆ ಅರ್ಕಾವೊತ್ತು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂಬ ದಿನ ಬಂದೇ ಬರುತ್ತದೆ. ಮೂವರ ತಂಡಕ್ಕೆ ಒಂದೇ ಕೋಡ್ ಇರುವುದು ವೇಗಕ್ಕಿಂತ ದೊಡ್ಡ ಲಾಭವಾಗಿತ್ತು.

ಇನ್ನೊಬ್ಬರು, ಮುಂದೆ ಯಾರೋ ಒಬ್ಬರು ತಿಳಿಯದೆ ಭಾರದ ಕೆಲಸವನ್ನು ಮತ್ತೆ ಮುಖ್ಯ ಥ್ರೆಡ್‌ಗೆ ತಂದರೆ ಗೊತ್ತಾಗುವುದು ಹೇಗೆ ಎಂದು ಕೇಳಿದರು. ಅದಕ್ಕೆ ನಾವು ಒಂದು ಪರೀಕ್ಷೆ ಇಟ್ಟಿದ್ದೇವೆ. ಮೇಷ್ಟ್ರು ಒಪ್ಪಿಗೆ ಕೊಟ್ಟು ನಮ್ಮಲ್ಲೇ ಬಿಟ್ಟ ಅವರ ಒಂಬೈನೂರು ಪುಟಗಳ ಗ್ರಂಥವನ್ನು ಪರೀಕ್ಷೆ ಸರ್ವರಿಗೆ ಅಪ್‌ಲೋಡ್ ಮಾಡುತ್ತದೆ; ಅದು ಪರಿವರ್ತನೆಯಾಗುತ್ತಿರುವಷ್ಟು ಹೊತ್ತೂ 100 ಮಿಲಿಸೆಕೆಂಡಿಗೊಮ್ಮೆ ‘ಬದುಕಿದ್ದೀಯಾ’ ಎಂದು ಕೇಳುತ್ತಿರುತ್ತದೆ. ಒಂದೇ ಒಂದು ಉತ್ತರ 50 ಮಿಲಿಸೆಕೆಂಡಿಗಿಂತ ತಡವಾದರೂ ಹೊಸ ಕೋಡ್ ಒಳಗೆ ಬರುವುದಿಲ್ಲ.